ಊಟದ ಸಾಲಿನಲ್ಲಿ ಕಂಡದ್ದು

ನಮ್ಮ ಶಾಲೆಯ ಮಕ್ಕಳಲ್ಲಿ ಯಾರು ಯಾರ ಗೆಳೆಯರು ಎಂದು ತಿಳಿಯಬೇಕಾದರೆ ಬಿಸಿಯೂಟದ ಹೊತ್ತಿಗೆ ಜಗಲಿಗೆ ಬರಬೇಕು. ತರಗತಿಯಲ್ಲಿ ನಾವು ಹೇಳಿದ ಕಡೆ ಕೂರುವ ಮಕ್ಕಳು, ಕೈಗೆ ತಟ್ಟೆ ಬಂದ ಮೇಲೆ ತಮಗೆ ಬೇಕಾದವರ ಪಕ್ಕವೇ ಹೋಗಿ ಕೂರುತ್ತಾರೆ. ಆಗಸ್ಟಿನ ಒಂದು ಮಧ್ಯಾಹ್ನ ಆರನೆಯ ತರಗತಿಯ ಗಿರಿಜೆ (ಹೆಸರುಗಳನ್ನು ಬದಲಿಸಿದ್ದೇನೆ) ಒಂದನೆಯ ತರಗತಿಯ ಚಿಳ್ಳೆಪಿಳ್ಳೆಗಳ ನಡುವೆ ಕೂತು ಅನ್ನ ಕೆದಕುತ್ತಿದ್ದಳು. ಅವಳ ಜೀವದ ಗೆಳತಿಯರಾದ ಶೋಭಾ ಮತ್ತು ಮಂಜುಳ ಸಾಲಿನ ಆಚೆ ತುದಿಯಲ್ಲಿದ್ದರು.

"ಇಬ್ಬರೂ ಠೂ ಬಿಟ್ಟಿದ್ದಾರೆ ಮಿಸ್," ಎಂದಳು.

ಕಾರಣ ಖೋ ಖೋ. ಮಳೆ ಸ್ವಲ್ಪ ಹೊಳವಾದಾಗ ಹೋಬಳಿ ಮಟ್ಟದ ಕ್ರೀಡಾಕೂಟಕ್ಕೆ ಅಭ್ಯಾಸ ನಡೆದಿತ್ತು. ಎಂಟು ಜನ ಆಚೆಗೊಬ್ಬರು ಈಚೆಗೊಬ್ಬರು ಮುಖ ಮಾಡಿ ಸಾಲಾಗಿ ಕೂರುತ್ತಾರೆ, ಒಂಬತ್ತನೆಯವಳು ಎದುರಾಳಿಯನ್ನು ಅಟ್ಟಿಸಿಕೊಂಡು ಓಡುತ್ತಾಳೆ. ಅವಳು ಬೆನ್ನು ಮುಟ್ಟಿ 'ಖೋ' ಎನ್ನುವ ತನಕ ಕೂತವಳು ಏಳುವಂತಿಲ್ಲ. ಗಿರಿಜೆ ಎಲ್ಲರಿಗೂ ಖೋ ಕೊಟ್ಟಳು, ಶೋಭಾಳಿಗೆ ಮಾತ್ರ ಕೊಡಲಿಲ್ಲ. ಆಟ ಮುಗಿಯುವವರೆಗೂ ಕುಕ್ಕರುಗಾಲಿನಲ್ಲಿ ಕಾದು ಕೂತವಳಿಗೆ ಹೇಗಾಗಿರಬೇಡ! ಮಂಜುಳ ಶೋಭಾಳ ಪಕ್ಕ ವಹಿಸಿದಳು. ದಿನವೂ ಅವಳ ಜೊತೆಗೇ ಮನೆಗೆ ನಡೆದು ಹೋಗುವವಳಲ್ಲವೇ.

ಮರುದಿನ ಗಿರಿಜೆಯ ತಾಯಿ ತೋಟದ ಕೆಲಸ ಬಿಟ್ಟು ಬಂದರು. "ಆ ಇಬ್ಬರನ್ನೂ ಕರೆದು ನಾಲ್ಕು ಮಾತು ಬೈದು ಒಂದು ಮಾಡಿ ಮೇಡಂ. ಇವಳು ರಾತ್ರಿ ಊಟವನ್ನೇ ಮಾಡಲಿಲ್ಲ." ಆ ತಾಯಿಯ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ತರಗತಿಯ ಮುಂದೆ ನಿಲ್ಲಿಸಿ ಕೈ ಕುಲುಕಿಸುವ ರಾಜಿಯಲ್ಲಿ ನನಗೆ ನಂಬಿಕೆಯಿಲ್ಲ. ಮಕ್ಕಳು ಮಿಸ್‌ಗೋಸ್ಕರ ಕೈ ಕೊಡುತ್ತಾರೆ, ಗೇಟು ದಾಟಿದ ಕೂಡಲೇ ಮತ್ತೆ ಠೂ. "ಒಂದು ವಾರ ಬಿಡಿ ಅಮ್ಮಾ, ಶೋಭಾಳ ಮನೆಗೆ ಮಾತ್ರ ಹೋಗಬೇಡಿ," ಎಂದು ಕಳಿಸಿದೆ. ಮಕ್ಕಳ ಜಗಳಕ್ಕೆ ತಾಯಂದಿರು ಇಳಿದರೆ ಮಕ್ಕಳು ಮರೆತ ಮೇಲೂ ಮನೆಗಳು ಮರೆಯುವುದಿಲ್ಲ. ನಮ್ಮೂರಿನಲ್ಲಿ ಅಂಥ ಮನೆಗಳಿವೆ.

ತಟ್ಟೆ ತೊಳೆಯುವ ನಲ್ಲಿಯ ಹತ್ತಿರ ಗಿರಿಜೆ ಒಬ್ಬಳೇ ಸಿಕ್ಕಳು. ಯಾಕೆ ಖೋ ಕೊಡಲಿಲ್ಲ ಎಂದು ಕೇಳಿದೆ.

"ಅವಳು ಏಳುವುದು ನಿಧಾನ ಮಿಸ್. ಕೊಟ್ಟರೆ ಸೋಲುತ್ತೇವೆ."

"ಅದನ್ನು ಅವಳಿಗೆ ಹೇಳಿದೆಯಾ?"

"ಹೇಳಿದರೆ ಬೇಜಾರು ಮಾಡಿಕೊಳ್ಳುತ್ತಾಳೆ."

"ಈಗ ಖುಷಿಯಾಗಿದ್ದಾಳಾ?"

ಹುಡುಗಿ ತಟ್ಟೆಯನ್ನು ಎರಡೆರಡು ಸಲ ತೊಳೆದಳು. ಶೋಭಾ ಏನೆಂದುಕೊಂಡಿರಬಹುದು ಎಂದು ಕೇಳಿದ್ದಕ್ಕೆ, "ನನಗೆ ಅವಳು ಬೇಡ ಅಂದುಕೊಂಡಿರಬಹುದು," ಎಂದಳು ಮೆಲ್ಲಗೆ. ನಾನು ಅಷ್ಟಕ್ಕೇ ಬಿಟ್ಟೆ. ಹನ್ನೊಂದು ವರ್ಷದ ಮಗುವಿಗೆ ಮುಂದಿನದನ್ನು ಹೇಳಿಕೊಡಬೇಕಾಗಿಲ್ಲ. ಎರಡು ದಿನ ಕಳೆದು ನೋಡಿದರೆ, ಧ್ವಜಸ್ತಂಭದ ಹಿಂದೆ ಶೋಭಾಳನ್ನು ಕೂರಿಸಿ ಬೆನ್ನು ತಟ್ಟಿ ತಟ್ಟಿ ಏಳಿಸುತ್ತಿದ್ದಳು. ಮಂಜುಳ ಸೊಂಟದ ಮೇಲೆ ಕೈಯಿಟ್ಟು ಎಣಿಸುತ್ತಿದ್ದಳು.

ಈ ಪ್ರಕರಣ ಇಲ್ಲಿಗೆ ಮುಗಿಯಬಹುದಿತ್ತು. ಆದರೆ ಈ ನಡುವೆ ನಾನು ಇನ್ನೊಂದು ಕೆಲಸ ಮಾಡಿದ್ದೆ. ಬಿ.ಎಡ್. ಓದುವಾಗ 'ಸಮಾಜಮಿತಿ' ಎಂಬ ಪಾಠವಿತ್ತು. ಜೇಕಬ್ ಮೊರೆನೊ ಎಂಬ ಮನೋವೈದ್ಯ 1930ರ ದಶಕದಲ್ಲಿ ನ್ಯೂಯಾರ್ಕ್ ರಾಜ್ಯದ ಹಡ್ಸನ್‌ನಲ್ಲಿದ್ದ ಬಾಲಕಿಯರ ವಸತಿ ಶಾಲೆಯಲ್ಲಿ, ಯಾರ ಜೊತೆ ಇರಲು ಇಷ್ಟ ಎಂದು ಹುಡುಗಿಯರನ್ನೇ ಕೇಳಿ, ಉತ್ತರಗಳನ್ನು ಬಾಣಗಳ ಚಿತ್ರವಾಗಿ ಬರೆದ. ಪರೀಕ್ಷೆಗೆಂದು ಬಾಯಿಪಾಠ ಮಾಡಿದ ಈ ವಿಷಯ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ ಎಂದುಕೊಂಡಿರಲಿಲ್ಲ. ಚಿತ್ರಕಲೆಯ ತರಗತಿಯಲ್ಲಿ ಯಾರ ಪಕ್ಕ ಕೂರುತ್ತೀರಿ, ಮೂರು ಹೆಸರು ಬರೆಯಿರಿ ಎಂದು ಚೀಟಿ ಕೊಟ್ಟೆ. ಯಾರು ಬೇಡ ಎಂದು ಕೇಳಲಿಲ್ಲ, ಆ ಪ್ರಶ್ನೆಯೇ ಜಗಳಕ್ಕೆ ಬೀಜ. ಚೀಟಿಗಳನ್ನು ಮಕ್ಕಳಿಗೆ ತೋರಿಸಲೂ ಇಲ್ಲ.

ಮನೆಯಲ್ಲಿ ಬಾಣ ಎಳೆಯುತ್ತಾ ಕೂತಾಗ ಮೊದಲು ನಗು ಬಂತು. ಠೂ ಬಿಟ್ಟ ಆ ವಾರದಲ್ಲೇ ಶೋಭಾ ಗಿರಿಜೆಯ ಹೆಸರನ್ನು ಎರಡನೆಯದಾಗಿ ಬರೆದಿದ್ದಳು! ಅನಂತರ ಕಾಣಿಸಿದ್ದು ರಾಜು. ಅವನ ಕಡೆಗೆ ಒಂದು ಬಾಣವೂ ಇರಲಿಲ್ಲ. ಅಸ್ಸಾಮಿನಿಂದ ಕಾಫಿ ತೋಟದ ಕೆಲಸಕ್ಕೆ ಬಂದು ಲೈನ್ ಮನೆಯಲ್ಲಿರುವವರ ಮಗ. ಕನ್ನಡ ಅಲ್ಪಸ್ವಲ್ಪ. ಅತ್ತವನಲ್ಲ, ದೂರು ತಂದವನಲ್ಲ, ಅವನಿಗಾಗಿ ಯಾರೂ ಶಾಲೆಗೆ ಬಂದಿರಲಿಲ್ಲ. ಊಟದ ಸಾಲಿನಲ್ಲಿ ಯಾವಾಗಲೂ ಯಾರದೋ ಪಕ್ಕದಲ್ಲಿ ಇರುತ್ತಿದ್ದನಾದ್ದರಿಂದ ಒಂಟಿ ಎಂದು ಅನ್ನಿಸುತ್ತಿರಲಿಲ್ಲ. ಅವನ ಪಕ್ಕಕ್ಕೆಂದು ಯಾರೂ ಬರುತ್ತಿರಲಿಲ್ಲ, ಅಷ್ಟೇ.

ನನ್ನ ಲೆಕ್ಕದಲ್ಲಿ ಗಿರಿಜೆಗಿಂತ ಹೆಚ್ಚಿನ ಸಹಾಯ ಬೇಕಾಗಿದ್ದದ್ದು ಇವನಿಗೆ. ಮುನಿಸಿಕೊಳ್ಳಬೇಕಾದರೂ ಒಬ್ಬರು ಬೇಕಲ್ಲ. 'ಎಲ್ಲರೂ ರಾಜುವಿನ ಜೊತೆ ಸೇರಿ' ಎಂದು ತರಗತಿಗೆ ಉಪದೇಶ ಮಾಡಿದರೆ ಅದಕ್ಕಿಂತ ದೊಡ್ಡ ಅವಮಾನವಿಲ್ಲ. ಬೆಳಿಗ್ಗೆ ಕ್ಷೀರಭಾಗ್ಯದ ಹಾಲು ಹಂಚುವ ಕೆಲಸಕ್ಕೆ ಅವನನ್ನೂ ಕಿರಣನನ್ನೂ ಜೋಡಿ ಮಾಡಿದೆ. ಕಿರಣ ಮಾತಿನಮಲ್ಲ. ಎದುರಿನವರಿಗೆ ಅರ್ಥವಾಗದಿದ್ದರೂ ಅವನ ಮಾತು ನಿಲ್ಲುವುದಿಲ್ಲ. ಒಬ್ಬ ಲೋಟ ಜೋಡಿಸುವುದು, ಇನ್ನೊಬ್ಬ ಸುರಿಯುವುದು. ಗೋಲಿಯಾಟದಲ್ಲಿ ರಾಜುವಿನ ಗುರಿ ಎಂಥದೆಂದು ಕಿರಣನ ಮೂಲಕವೇ ಹುಡುಗರಿಗೆಲ್ಲ ತಿಳಿಯಿತು.

ದಸರಾ ರಜೆಗೆ ಮುಂಚೆ ಒಂದು ದಿನ ರಾಜು ಕೆಂಪು ಮುಖ ಮಾಡಿಕೊಂಡು ಸಿಬ್ಬಂದಿ ಕೊಠಡಿಗೆ ನುಗ್ಗಿದ. "ಮಿಸ್, ಕಿರಣ ಮೋಸ. ನನ್ನ ಗೋಲಿ ಕೊಡಲ್ಲ!" ಹಿಂದೆಯೇ ಕಿರಣ ತನ್ನ ವಾದ ಹೊತ್ತು ಬಂದ. ಇಬ್ಬರೂ ಒಟ್ಟಿಗೆ ಕಿರುಚತೊಡಗಿದರು. ನನಗೆ ಆದ ಸಂತೋಷವನ್ನು ಅಡಗಿಸಿಕೊಂಡು, ಸಾಧ್ಯವಾದಷ್ಟು ಗಂಭೀರವಾಗಿ ಇಬ್ಬರನ್ನೂ ವಿಚಾರಣೆಗೆ ಕೂರಿಸಿದೆ.