ಮಂತ್ರಿಗಳ ಮೊಮ್ಮಕ್ಕಳು

ಕನ್ನಡಕ್ಕೆ ಎಂಟು ಜ್ಞಾನಪೀಠ ಬಂದಿದೆ ಎಂದು ಮೊನ್ನೆ ಪಕ್ಕದ ಮನೆಯ ಮಾವೋರಿ (ನ್ಯೂಜಿಲೆಂಡಿನ ಮೂಲನಿವಾಸಿ) ಅಜ್ಜಿಯ ಮುಂದೆ ಎದೆಯುಬ್ಬಿಸಿ ಹೇಳಿದೆ. ಬಟ್ಟೆ ಒಣಹಾಕುತ್ತಿದ್ದ ಅವರು ಬಾಯಲ್ಲಿ ಕಚ್ಚಿದ್ದ ಕ್ಲಿಪ್ಪನ್ನು ತೆಗೆದು, "ಸಂತೋಷ. ನಿಮ್ಮ ಮಂತ್ರಿಗಳ ಮೊಮ್ಮಕ್ಕಳು ಯಾವ ಭಾಷೆಯಲ್ಲಿ ಓದುತ್ತಾರೆ?" ಎಂದರು. ನಾನು ಮಳೆಯ ಮಾತೆತ್ತಿದೆ. ನಾವಿರುವ ನ್ಯೂಜಿಲೆಂಡಿನ ಹ್ಯಾಮಿಲ್ಟನ್‌ನಲ್ಲಿ ಅದಕ್ಕೇನೂ ಬರವಿಲ್ಲ.

ಹಾಗೆ ಕೇಳುವ ಹಕ್ಕು ಅವರಿಗಿದೆ. ಶಾಲೆಯಲ್ಲಿ ಮಾವೋರಿ ಆಡಿದ್ದಕ್ಕೆ ಅವರ ತಾಯಿ ಬೆತ್ತದ ಏಟು ತಿಂದವರು; ಮಗಳಿಗೆ ಆ ಭಾಷೆ ಕಲಿಸುವ ಗೊಡವೆಗೇ ಹೋಗಲಿಲ್ಲ. ಈಗ ಅಜ್ಜಿಯ ಮೊಮ್ಮಗಳು ಕೊಹಾಂಗಾ ರೆಯೊಗೆ ಹೋಗುತ್ತಾಳೆ. ಹಿರಿಯರು ಎಳೆಯ ಮಕ್ಕಳೊಡನೆ ಮಾವೋರಿಯಲ್ಲಿ ಮಾತ್ರ ಮಾತನಾಡುವ ಈ ಶಿಶುವಿಹಾರಗಳು ಶುರುವಾದದ್ದು 1982ರಲ್ಲಿ. ಅದಕ್ಕೂ ಹತ್ತು ವರ್ಷ ಮೊದಲು ಹಾನಾ ಟೆ ಹೆಮಾರಾ ಮತ್ತು ಸಂಗಡಿಗರು ಶಾಲೆಗಳಲ್ಲಿ ಮಾವೋರಿ ಕಲಿಸಿ ಎಂಬ, 30,000ಕ್ಕೂ ಹೆಚ್ಚು ಸಹಿಗಳ ಮನವಿಯನ್ನು ಸಂಸತ್ತಿಗೆ ಒಯ್ದಿದ್ದರು. ಮಾವೋರಿ ಅಧಿಕೃತ ಭಾಷೆಯಾದದ್ದು 1987ರಲ್ಲಿ. ಕಾನೂನು ಬಂದದ್ದು ಎಲ್ಲರಿಗಿಂತ ಹಿಂದೆ, ಏದುಸಿರು ಬಿಡುತ್ತಾ.

ಅಜ್ಜಿಗೆ ಅಚ್ಚುಮೆಚ್ಚಿನ ಕಥೆ 1984ರದು. ದೂರವಾಣಿ ಆಪರೇಟರ್ ನೈಡಾ ಗ್ಲಾವಿಶ್ ಕರೆ ಮಾಡಿದವರಿಗೆ "ಕಿಯಾ ಓರಾ" ಎಂದು ನಮಸ್ಕಾರ ಹೇಳುತ್ತಿದ್ದರು. ಮೇಲಿನವರು ಬೇಡವೆಂದರು, ಆಕೆ ಜಗ್ಗಲಿಲ್ಲ. ದೇಶವಿಡೀ ಗದ್ದಲವೆದ್ದ ಮೇಲೆ ಪ್ರಧಾನಿ ಮಲ್ಡೂನ್ ಆಕೆಯ ಪರವಾಗಿ ನಿಂತರು. ದೊಡ್ಡವರು ದಾರಿಗೆ ಅಡ್ಡ ನಿಲ್ಲದಿದ್ದರೆ ಅರ್ಧ ಕೆಲಸ ಆದಂತೆ ಎನ್ನುತ್ತಾರೆ ಅಜ್ಜಿ. 2023ರಲ್ಲಿ ಬಂದ ಸರ್ಕಾರ ಇಲಾಖೆಗಳಿಗೆ ಇಂಗ್ಲಿಷ್ ಹೆಸರೇ ಮೊದಲಿರಲಿ ಎಂದಿತು. ಮರುವರ್ಷ ಇಲ್ಲೇ ಹತ್ತಿರದಲ್ಲಿ 27ರ ಹರೆಯದ ಹೆಣ್ಣುಮಗಳು ಮಾವೋರಿ ರಾಣಿಯಾದಳು. ಕಿವಿಗೆ ಬಿದ್ದ ಮಂತ್ರ, ಹಾಡು, ಮಾತು ಎಲ್ಲವೂ ಅವರದೇ ಭಾಷೆಯಲ್ಲಿ. ಅಜ್ಜಿ ಟಿವಿಯ ಮುಂದಿನಿಂದ ಏಳಲಿಲ್ಲ.

ನಮ್ಮ ಮನೆಮಾತು ತುಳು. ಪುತ್ತೂರಿನಲ್ಲಿ ಚುನಾವಣೆ ಬಂದರೆ ಎಲ್ಲಿಂದಲೋ ಬಂದ ನಾಯಕರೂ ಚೀಟಿ ನೋಡಿಕೊಂಡು ತುಳುವಿನಲ್ಲಿ ಎರಡು ಸಾಲು ಹೇಳುತ್ತಾರೆ. ಚಪ್ಪಾಳೆಯೋ ಚಪ್ಪಾಳೆ! ತುಳು, ಕೊಡವ ಎರಡೂ ಮಾನ್ಯತೆ ಪಡೆದ ಭಾಷೆಗಳ ಪಟ್ಟಿಯಾದ ಸಂವಿಧಾನದ ಎಂಟನೇ ಪರಿಚ್ಛೇದದ ಹೊರಗೇ ಕಾದು ನಿಂತಿವೆ; ನಿಯೋಗಗಳು ದೆಹಲಿಗೆ ಹೋಗುತ್ತವೆ, ಶಾಲು ಹೊದಿಸಿ ಮರಳುತ್ತವೆ. ಹೋಗಲಿ, ಬೇಡವೆನ್ನುವುದಿಲ್ಲ. ಆದರೆ ನಮ್ಮೂರ ಅಂಗನವಾಡಿಯ ಸುತ್ತಮುತ್ತ ತುಳುವಿನಲ್ಲಿ ಕಥೆ ಹೇಳಬಲ್ಲ ಅಜ್ಜಿಯರು ಬೇಕಾದಷ್ಟಿದ್ದಾರೆ. ಅವರನ್ನು ಕರೆದು ಮಕ್ಕಳ ನಡುವೆ ಕೂರಿಸುವುದಕ್ಕೆ ದೆಹಲಿಯ ಅಪ್ಪಣೆ ಯಾಕೆ ಬೇಕು?