ಇಬ್ಬರಲ್ಲಿ ಯಾರು ದೊಡ್ಡ ವಿಜ್ಞಾನಿ?

ಮೈಸೂರಿನಲ್ಲಿ ಲೈಬ್ರರಿ ಕೆಲಸಕ್ಕೆ ಸೇರಿ ಹದಿನೆಂಟು ವರ್ಷ ಆಯಿತು. ಅಷ್ಟೂ ವರ್ಷ ಒಂದೇ ಪ್ರಶ್ನೆ ಬೇರೆ ಬೇರೆಯವರ ಬಾಯಲ್ಲಿ ಬರುತ್ತಲೇ ಇದೆ. "ಇವರ ಸೈಟೇಶನ್ ಇಷ್ಟಿದೆ, ಅವರದು ಅಷ್ಟಿದೆ. ಹಾಗಾದ್ರೆ ಯಾರು ದೊಡ್ಡ ವಿಜ್ಞಾನಿ?" ಸೈಟೇಶನ್ ಅಂದರೆ ಬೇರೆಯವರು ತಮ್ಮ ಬರಹದಲ್ಲಿ ಇವರ ಕೆಲಸವನ್ನು ಉಲ್ಲೇಖಿಸಿದ ಲೆಕ್ಕ. ಪಿಎಚ್‌ಡಿ ಮಾಡುವ ಮಕ್ಕಳು ಕೇಳುತ್ತಾರೆ. ಬಡ್ತಿಯ ಅರ್ಜಿ ಹಿಡಿದು ಬಂದ ಮೇಷ್ಟ್ರುಗಳೂ ಕೇಳುತ್ತಾರೆ. ಹೋದ ವರ್ಷ ಪಾಂಡವಪುರದ ಕಡೆಯ ರೈತರೊಬ್ಬರು ಕೇಳಿದರು. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ.

ಅವರ ಮಗಳು ಬಾಟನಿಯಲ್ಲಿ ಎಂ.ಎಸ್‌ಸಿ. ಮುಗಿಸಿದ್ದಳು. ಪಿಎಚ್‌ಡಿಗೆ ಇಬ್ಬರು ಗೈಡ್‌ಗಳು ಒಪ್ಪಿದ್ದರು. ಒಬ್ಬರು ಎಲೆಯ ರಸದಿಂದ ಬೆಳ್ಳಿಯ ನ್ಯಾನೊ ಕಣ ಮಾಡುವವರು. ಅವರ ಸೈಟೇಶನ್ 4,200 ಚಿಲ್ಲರೆ. ಇನ್ನೊಬ್ಬರು ಮೇಡಂ. ಗಿಡಗಳ ವರ್ಗೀಕರಣ ಅವರ ಕೆಲಸ. ಅಂದರೆ ಯಾವ ಗಿಡ ಯಾವ ಜಾತಿ ಅಂತ ಗುರುತಿಸಿ ದಾಖಲಿಸುವುದು. ಅವರದು 310. ಹುಡುಗಿಯ ಫೋನಿನಲ್ಲಿ ಇಬ್ಬರ ಸೈಟೇಶನ್ ತೋರಿಸುವ ಪುಟಗಳೂ ತೆರೆದಿದ್ದವು. ಅಪ್ಪ ಎರಡನ್ನೂ ನೋಡಿ, "ಇವ್ರಿಬ್ರಲ್ಲಿ ಯಾರು ದೊಡ್ಡೋರು ಸಾ?" ಅಂದರು.

ನಾನು ತಿರುಗಿ ಕೇಳಿದೆ: "ನಿಮ್ಮ ಜಮೀನಿನಲ್ಲಿ ಏನು ಬೆಳೀತೀರಿ?"

"ನಾಲೆ ಕೆಳಗಡೆ ಕಬ್ಬು. ಮೇಲ್ಗಡೆ ರಾಗಿ."

"ಕಬ್ಬು ಎಕರೆಗೆ ಎಷ್ಟು ಬರುತ್ತೆ?"

"ನಲವತ್ತು ಟನ್ನು."

"ರಾಗಿ?"

"ಹನ್ನೆರಡು ಕ್ವಿಂಟಾಲ್ ಬಂದ್ರೆ ಜಾಸ್ತಿ." ಅಷ್ಟು ಹೇಳಿ ಅವರೇ ತಲೆ ಆಡಿಸಿದರು. ಕಬ್ಬಿನ ತೂಕಕ್ಕೆ ರಾಗಿಯನ್ನು ಹೋಲಿಸುವವರು ಮಂಡ್ಯದಲ್ಲಿ ಯಾರೂ ಇಲ್ಲ.

ಸೈಟೇಶನ್ ಲೆಕ್ಕ ಹೇಗೆ ಅಂತ ಮೊದಲು ಬಿಡಿಸಿ ಹೇಳಿಬಿಡುತ್ತೇನೆ. ಒಬ್ಬರು ಪೇಪರ್, ಅಂದರೆ ಸಂಶೋಧನಾ ಲೇಖನ, ಬರೆಯುವಾಗ ಹಿಂದಿನ ಯಾರ ಕೆಲಸದಿಂದ ಸಹಾಯ ಆಯಿತು ಅಂತ ಕೊನೆಯಲ್ಲಿ ಪಟ್ಟಿ ಕೊಡುತ್ತಾರೆ. ಆ ಪಟ್ಟಿಯಲ್ಲಿ ನಿಮ್ಮ ಪೇಪರ್ ಇದ್ದರೆ ನಿಮಗೆ ಒಂದು ಸೈಟೇಶನ್. ಇದನ್ನೆಲ್ಲ ಒಟ್ಟು ಹಾಕಿ ಸೂಚಿ ಮಾಡಬಹುದು ಅಂತ 1955ರಲ್ಲಿ ಹೇಳಿದವರು ಅಮೆರಿಕದ ಯೂಜೀನ್ ಗಾರ್ಫೀಲ್ಡ್. ಅವರ ಉದ್ದೇಶ ಪೇಪರ್ ಹುಡುಕುವುದನ್ನು ಸುಲಭ ಮಾಡುವುದಾಗಿತ್ತು. ಮನುಷ್ಯರನ್ನು ಅಳೆಯುವ ಕೆಲಸಕ್ಕೆ ಅದು ಬಂದದ್ದು ಆಮೇಲೆ.

ಒಬ್ಬರ ಎಲ್ಲ ಪೇಪರ್‌ಗಳ ಸೈಟೇಶನ್ ನೋಡಿ ಒಂದೇ ಸಂಖ್ಯೆ ಕೊಡುವ ಎಚ್-ಇಂಡೆಕ್ಸ್ ಬಂದದ್ದು 2005ರಲ್ಲಿ. ಕ್ಯಾಲಿಫೋರ್ನಿಯಾದ ಭೌತವಿಜ್ಞಾನಿ ಹೋರ್ಹೆ ಹಿರ್ಶ್ ಮಾಡಿದ ಲೆಕ್ಕ. ನಾನು ಎಲ್ಲರಿಗೂ ಇದನ್ನು ಕೈಯಲ್ಲೇ ಮಾಡಿಸುತ್ತೇನೆ, ಆ ಹುಡುಗಿಗೂ ಮಾಡಿಸಿದೆ. ಆರು ಪೇಪರ್ ಇವೆ ಅಂದುಕೊಳ್ಳಿ. ಸೈಟೇಶನ್‌ಗಳು 40, 12, 9, 5, 4, 2. ಜಾಸ್ತಿ ಇರುವುದು ಮೇಲೆ ಬರುವ ಹಾಗೆ ಬರೆದು ಪಕ್ಕದಲ್ಲಿ 1, 2, 3 ಅಂತ ಸಂಖ್ಯೆ ಹಾಕಿ. ಸೈಟೇಶನ್ ಆ ಸಂಖ್ಯೆಯಷ್ಟಾದರೂ ಇರುವ ತನಕ ಕೆಳಗೆ ಬನ್ನಿ. ನಾಲ್ಕನೇ ಪೇಪರಿಗೆ 5 ಸೈಟೇಶನ್ ಇದೆ, ಸರಿ. ಐದನೆಯದಕ್ಕೆ 4 ಮಾತ್ರ, ಸಾಲದು. ಅಲ್ಲಿಗೆ ನಿಲ್ಲಿಸಿ. ಎಚ್-ಇಂಡೆಕ್ಸ್ 4. ಮೊದಲ ಪೇಪರಿಗೆ 40 ಇದ್ದರೂ 4,000 ಇದ್ದರೂ ಉತ್ತರ 4ರಿಂದ ಕದಲುವುದಿಲ್ಲ. ಇದನ್ನು ಕೈಯಾರೆ ಮಾಡಿದವರಿಗೆ ಆ ಸಂಖ್ಯೆಯ ಮೇಲಿನ ಭಯ ಹೋಗುತ್ತೆ.

ಹಿರ್ಶ್ ಆ ಪೇಪರಿನಲ್ಲೇ ಇನ್ನೊಂದು ಮಾತು ಹೇಳಿದ್ದಾರೆ. ಆಗ ಭೌತವಿಜ್ಞಾನದಲ್ಲಿ ಎಲ್ಲರಿಗಿಂತ ಮೇಲಿದ್ದ ಎಡ್ವರ್ಡ್ ವಿಟನ್ ಅವರ ಎಚ್-ಇಂಡೆಕ್ಸ್ 110. ಜೀವವಿಜ್ಞಾನದ ಸಾಲೊಮನ್ ಸ್ನೈಡರ್ ಅವರದು 191. ಹಾಗಂತ ವಿಟನ್ ಚಿಕ್ಕವರಾದರಾ? ಕ್ಷೇತ್ರ ಬದಲಾದರೆ ಅಳತೆಯೂ ಬದಲಾಗುತ್ತೆ ಅಂತ ಲೆಕ್ಕ ಮಾಡಿದವರೇ ಎಚ್ಚರಿಸಿದ್ದರು. ಅದನ್ನು ನೆನಪಿಟ್ಟುಕೊಂಡವರು ಕಮ್ಮಿ. ನನಗೆ ಬೇಜಾರಾಗುವುದು ಅಲ್ಲೇ.

ಈ ವ್ಯತ್ಯಾಸ ನೋಡಲು ಮೈಸೂರು ಬಿಟ್ಟು ಹೋಗಬೇಕಾಗಿಲ್ಲ. ಮಾನಸಗಂಗೋತ್ರಿಯ ಗಣಿತ ವಿಭಾಗವನ್ನೇ ತೆಗೆದುಕೊಳ್ಳಿ. ರಾಮಾನುಜನ್ ಅವರ ಎರಡನೇ ನೋಟ್‌ಬುಕ್ಕಿನ 16ನೇ ಅಧ್ಯಾಯದ ಮೇಲೆ ಇಲ್ಲಿನ ಸಿ. ಅಡಿಗ ಮತ್ತು ಎಸ್. ಭಾರ್ಗವ ಅವರು ಅಮೆರಿಕದ ಬ್ರೂಸ್ ಬರ್ನ್ಟ್ ಅವರ ಜೊತೆ 1985ರಲ್ಲಿ ಪ್ರಕಟಿಸಿದ ಕೆಲಸವನ್ನು ಆ ವಿಷಯದವರು ಇವತ್ತಿಗೂ ಉಲ್ಲೇಖಿಸುತ್ತಾರೆ. ಗಣಿತದ ಬೆಳೆ ನಿಧಾನ. ಆದರೆ ಪೇಪರ್ ಪ್ರಕಟಿಸುವ ಜರ್ನಲ್‌ಗಳಿಗೆ ಕೊಡುವ ಇಂಪ್ಯಾಕ್ಟ್ ಫ್ಯಾಕ್ಟರ್, ಅಂದರೆ ಪೇಪರಿಗೆ ಸರಾಸರಿ ಎಷ್ಟು ಸೈಟೇಶನ್ ಬಂತು ಅನ್ನುವ ಲೆಕ್ಕ, ನೋಡುವುದು ಹಿಂದಿನ ಎರಡೇ ವರ್ಷದ ಪೇಪರ್‌ಗಳನ್ನು. ನಲವತ್ತು ವರ್ಷ ಬಾಳುವ ಕೆಲಸವನ್ನು ಎರಡು ವರ್ಷದ ತಕ್ಕಡಿಯಲ್ಲಿ ಹೇಗೆ ತೂಗೋದು?

ಇನ್ನು ಅಲ್ಲೇ ಹತ್ತಿರದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. ಕನ್ನಡ ಮಾತಾಡುವ ಮಗುವಿನ ಉಚ್ಚಾರಣೆ ಪರೀಕ್ಷಿಸುವ ವಿಧಾನದ ಬಗ್ಗೆ ಯಾರಾದರೂ ಬರೆದರೆ, ಅದನ್ನು ಉಲ್ಲೇಖಿಸುವವರು ಜಗತ್ತಿನಲ್ಲಿ ಎಷ್ಟು ಜನ ಇದ್ದಾರು? ಬೆರಳೆಣಿಕೆ. ಮಗುವನ್ನು ಕರೆತಂದ ಅಮ್ಮನಿಗೆ ಬೇಕಾಗಿರುವುದು ಮಾತ್ರ ಅದೇ ಕೆಲಸ.

ಕೆಲವು ಪೇಪರ್‌ಗಳಿಗೆ ಲಕ್ಷಗಟ್ಟಲೆ ಸೈಟೇಶನ್ ಹೇಗೆ ಬರುತ್ತೆ ಅಂತಲೂ ಕೇಳುತ್ತಾರೆ. ಹೆಚ್ಚಾಗಿ ಅವು ವಿಧಾನದ ಪೇಪರ್‌ಗಳು. ಬಯೋಕೆಮಿಸ್ಟ್ರಿ ಓದಿದ ಮಕ್ಕಳಿಗೆ ಲೌರಿ ಮೆಥಡ್ ಗೊತ್ತು. ಟೆಸ್ಟ್ ಟ್ಯೂಬಿಗೆ ದ್ರಾವಣ ಹಾಕಿ ಸ್ವಲ್ಪ ಹೊತ್ತು ಬಿಟ್ಟರೆ ನೀಲಿ ಬಣ್ಣ ಬರುತ್ತೆ. ನೀಲಿ ಎಷ್ಟು ಗಾಢವೋ ಪ್ರೋಟೀನ್ ಅಷ್ಟು ಜಾಸ್ತಿ. 1951ರ ಆ ಪೇಪರಿಗೆ 3 ಲಕ್ಷಕ್ಕೂ ಜಾಸ್ತಿ ಸೈಟೇಶನ್ ಇದೆ. ಜಗತ್ತಿನಲ್ಲಿ ಪ್ರೋಟೀನ್ ಅಳೆದವರೆಲ್ಲ ಅದನ್ನು ಬರೆದರು.

ಇದಕ್ಕಿಂತ ನನಗೆ ಇಷ್ಟವಾದ ಉದಾಹರಣೆ ಹರಳುಗಳ ರಚನೆ ಅಧ್ಯಯನ ಮಾಡುವವರದು. ಅವರಲ್ಲಿ ಬಹಳ ಜನ ಶೆಲ್ಎಕ್ಸ್ ಅನ್ನುವ ಕಂಪ್ಯೂಟರ್ ಪ್ರೋಗ್ರಾಂ ಬಳಸುತ್ತಾರೆ. ಅದನ್ನು ಬರೆದ ಜಾರ್ಜ್ ಶೆಲ್ಡ್ರಿಕ್ 2008ರಲ್ಲಿ ಅದರ ಚಿಕ್ಕ ಇತಿಹಾಸ ಪ್ರಕಟಿಸಿದರು. ಪ್ರೋಗ್ರಾಂ ಬಳಸಿದವರು ಈ ಪೇಪರನ್ನೇ ಉಲ್ಲೇಖಿಸಬಹುದು ಅಂತ ಅದರಲ್ಲೇ ಬರೆದಿದ್ದರು. ಬಹಳ ಜನ ಹಾಗೇ ಮಾಡಿದರು. ಆ ಜರ್ನಲ್ಲಿನ ಇಂಪ್ಯಾಕ್ಟ್ ಫ್ಯಾಕ್ಟರ್ 2008ರಲ್ಲಿ 2.051 ಇದ್ದದ್ದು 2009ರಲ್ಲಿ 49.926 ಆಯಿತು. ಒಂದೇ ಪೇಪರಿನಿಂದ! ಅದೇ ಜರ್ನಲ್ಲಿನಲ್ಲಿ ಆ ವರ್ಷ ಬರೆದ ಮಿಕ್ಕವರ ಕೆಲಸ ಮೊದಲು ಹೇಗಿತ್ತೋ ಹಾಗೇ ಇತ್ತು. ಜರ್ನಲ್ಲಿನ ಸಂಖ್ಯೆ ನೋಡಿ ಪೇಪರಿಗೆ ಬೆಲೆ ಕಟ್ಟಬೇಡಿ ಅಂತ ನಾನು ಹೇಳುವುದು ಇದಕ್ಕೇ.

ಲೇಖಕರು ಎಷ್ಟು ಜನ ಅನ್ನುವುದನ್ನೂ ನೋಡಬೇಕು. 2015ರಲ್ಲಿ ಹಿಗ್ಸ್ ಕಣದ ತೂಕದ ಬಗ್ಗೆ ಬಂದ ಭೌತವಿಜ್ಞಾನದ ಪೇಪರಿಗೆ 5,154 ಲೇಖಕರು. ಒಟ್ಟು 33 ಪುಟ, ಅದರಲ್ಲಿ 24 ಪುಟ ಹೆಸರು ಮತ್ತು ಸಂಸ್ಥೆಗಳೇ. ಅದರ ಒಂದೊಂದು ಸೈಟೇಶನ್ನೂ ಅಷ್ಟು ಜನರ ಲೆಕ್ಕಕ್ಕೂ ಸೇರುತ್ತೆ.

ಇನ್ನು ನಮ್ಮ ಕಡೆಯವರ ಹೆಸರಿನ ಗೋಳು. ನಮ್ಮಲ್ಲಿ ಹೆಸರಿನ ಹಿಂದಿನ ಅಕ್ಷರ ಊರಿನದು, ಅಪ್ಪನದು. ಕಂಪ್ಯೂಟರ್ ಕೇಳುವುದು ಸರ್‌ನೇಮ್. ಹಾಗಾಗಿ ಒಬ್ಬರೇ ಒಂದು ಪೇಪರಿನಲ್ಲಿ ಎಚ್. ಮಹೇಶ, ಇನ್ನೊಂದರಲ್ಲಿ ಮಹೇಶ್ ಎಚ್., ಮತ್ತೊಂದರಲ್ಲಿ ಊರು ಸೇರಿಸಿ ಬೇರೆಯೇ ಹೆಸರು. ಮದುವೆಯಾದ ಮೇಲೆ ಹೆಸರು ಬದಲಾದ ಹೆಣ್ಣುಮಕ್ಕಳ ಅರ್ಧ ಕೆಲಸ ಹಳೇ ಹೆಸರಿನಲ್ಲೇ ಉಳಿದುಬಿಡುತ್ತೆ. ಇದಕ್ಕೆ ಉಲ್ಟಾನೂ ಆಗುತ್ತೆ. ಐದು ಜನ ಮಹೇಶರ ಪೇಪರ್‌ಗಳು ಒಂದೇ ಪುಟದಲ್ಲಿ ಬಂದು ಕೂರುತ್ತವೆ. "ಇವರು ಐದು ವಿಷಯದಲ್ಲಿ ಪಂಡಿತರು" ಅಂತ ನೋಡಿದವರು ಬೆರಗಾಗುತ್ತಾರೆ.

ಒಬ್ಬ ಕೆಮಿಸ್ಟ್ರಿ ಮೇಡಂ ಜೊತೆ ಎರಡು ಮಧ್ಯಾಹ್ನ ಕೂತು ಅವರ ಪುಟ ಸರಿ ಮಾಡಿದ್ದು ಚೆನ್ನಾಗಿ ನೆನಪಿದೆ. ಮೀನು ಸಾಕಣೆಯ ಪೇಪರ್ ಇತ್ತು. ರಸ್ತೆ ಟ್ರಾಫಿಕ್ಕಿನದೂ ಇತ್ತು. ಒಟ್ಟು 31 ಪೇಪರ್ ತೆಗೆದೆವು. ಒಂದೊಂದು ತೆಗೆದಾಗಲೂ ಮೇಲಿನ ಸಂಖ್ಯೆ ಇಳಿಯುತ್ತಿತ್ತು. ಬಡ್ತಿಯ ಅರ್ಜಿ ಕಣ್ಣೆದುರಿಗಿತ್ತು. ಅವರು ಮಾತ್ರ, "ತೆಗೀರಿ, ಅದು ನಂದಲ್ಲ" ಅಂತಲೇ ಹೇಳುತ್ತಿದ್ದರು. ಅವರ ಮೇಲೆ ನನಗಿರುವ ಗೌರವ ಯಾವ ಇಂಡೆಕ್ಸಿನಿಂದ ಬಂದದ್ದೂ ಅಲ್ಲ. ಪಿಎಚ್‌ಡಿಗೆ ಸೇರಿದ ದಿನವೇ ಆರ್ಕಿಡ್ (ORCID) ಸಂಖ್ಯೆ, ಅಂದರೆ ಸಂಶೋಧಕರ ಗುರುತಿನ ಸಂಖ್ಯೆ, ಮಾಡಿಸಿಕೊಳ್ಳಿ ಅಂತ ಎಲ್ಲರಿಗೂ ಹೇಳುತ್ತೇನೆ. 16 ಅಂಕಿ, ದುಡ್ಡು ಕೊಡಬೇಕಾಗಿಲ್ಲ, ಹೆಸರು ಬದಲಾದರೂ ಅದು ಬದಲಾಗಲ್ಲ.

ಪತ್ರಿಕೆಗಳಲ್ಲಿ ಬರುವ "ಜಗತ್ತಿನ ಅಗ್ರ ಶೇ. 2 ವಿಜ್ಞಾನಿಗಳ ಪಟ್ಟಿ" ಕ್ಷೇತ್ರಗಳನ್ನು ಬೇರೆ ಬೇರೆಯಾಗಿ ನೋಡುವ ವಿಷಯದಲ್ಲಿ ವಾಸಿ. ಸ್ಟ್ಯಾನ್‌ಫರ್ಡಿನ ಜಾನ್ ಅಯೊನಿಡಿಸ್ ತಂಡ ಮಾಡುವ ಆ ಪಟ್ಟಿಯಲ್ಲಿ 22 ಕ್ಷೇತ್ರ, 174 ಉಪಕ್ಷೇತ್ರಗಳಿವೆ. ಸ್ವಂತ ಪೇಪರನ್ನು ತಾವೇ ಉಲ್ಲೇಖಿಸಿಕೊಂಡದ್ದನ್ನು ಬಿಟ್ಟೂ ಲೆಕ್ಕ ಕೊಡುತ್ತಾರೆ. ಹೆಸರಿನ ಜೊತೆ ಉಪಕ್ಷೇತ್ರ ಯಾವುದು ಅಂತಲೂ ನೋಡಿ.

ಲೆಕ್ಕಕ್ಕೇ ಸಿಗದ ಕೆಲಸವೂ ಇದೆ. ಎಮ್ಮೆ ಹಾಲಿನಿಂದ ಕೂಸುಗಳಿಗೆ ಪುಡಿ ಆಹಾರ ಮಾಡುವ ವಿಧಾನ ನಮ್ಮ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ 1950ರ ದಶಕದಲ್ಲಿ ತಯಾರಾಗಿ ಅಮುಲ್‌ಗೆ ಹೋಯಿತು. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಿಂದ ಕೆಆರ್‌ಎಚ್-2 ಹೈಬ್ರಿಡ್ ಭತ್ತ ಬಂತು. ಬಿತ್ತಿದ ರೈತ ಪೇಪರ್ ಬರೆದು ಉಲ್ಲೇಖಿಸುವುದಿಲ್ಲ.

ರಾಗಿಯ ವಿಷಯ ಹೇಳಿದಾಗ ಆ ಹುಡುಗಿಯ ಮುಖ ಅರಳಿತು. ರಾಗಿಯ ವೈಜ್ಞಾನಿಕ ಹೆಸರು ಎಲ್ಯೂಸಿನ್ ಕೊರಕಾನ. ಅದರ ಮುಂದೆ ಲಿನೇಯಸ್ ಮತ್ತು ಗೇರ್ಟ್ನರ್ ಹೆಸರು ಚಿಕ್ಕದಾಗಿ ಇರುತ್ತೆ. ಮೊದಲು ಹೆಸರಿಟ್ಟವರು ಲಿನೇಯಸ್. 1788ರಲ್ಲಿ ಅದನ್ನು ಈಗಿನ ಗುಂಪಿಗೆ ಸೇರಿಸಿದವರು ಗೇರ್ಟ್ನರ್. ರಾಗಿ ಮೇಲೆ ಬರೆಯುವವರು ಇಬ್ಬರ ಹೆಸರನ್ನೂ ಬರೆಯುತ್ತಾರೆ. ಆದರೆ ಕೊನೆಯ ಪಟ್ಟಿಯಲ್ಲಿ ಅವರ ಕೃತಿಗಳನ್ನು ಸಾಮಾನ್ಯವಾಗಿ ಹಾಕುವುದಿಲ್ಲ, ಹಾಗಾಗಿ ಸೈಟೇಶನ್ ಆಗುವುದಿಲ್ಲ. ವರ್ಗೀಕರಣದವರ ಸಂಖ್ಯೆ ಯಾಕೆ ಚಿಕ್ಕದು ಅನ್ನುವುದಕ್ಕೆ ಇದೂ ಒಂದು ಕಾರಣ.

"ಹಾಗಾದ್ರೆ ನಾನು ಏನು ನೋಡ್ಲಿ ಸಾರ್?" ಅಂದಳು. ಇಬ್ಬರ ಒಳ್ಳೆಯ ಮೂರು ಮೂರು ಪೇಪರ್ ಆರಿಸಿಕೊ, ಅವನ್ನು ಯಾರು ಉಲ್ಲೇಖಿಸಿದ್ದಾರೋ ಆ ಪೇಪರ್‌ಗಳನ್ನು ತೆಗೆದು ಓದು, ಯಾಕೆ ಉಲ್ಲೇಖಿಸಿದ್ದಾರೆ ಅಂತ ಬರೆದುಕೊ ಅಂದೆ.

ಹದಿನೈದು ದಿನ ಬಿಟ್ಟು ಬಂದಳು. ಗೆರೆ ಎಳೆದ ನೋಟ್‌ಬುಕ್ಕು, ಎಡಗಡೆ ನ್ಯಾನೊ ಸಾರ್, ಬಲಗಡೆ ಗಿಡದ ಮೇಡಂ. ಮೇಡಂ ಅವರ ಒಂದು ಪೇಪರಿಗೆ 14 ಸೈಟೇಶನ್. ಅದರಲ್ಲಿ ಒಂಬತ್ತು ಜನ ಅವರ ವಿವರಣೆ ಹಿಡಿದೇ ಗಿಡ ಗುರುತಿಸಿದ್ದರು. ಸಾರ್ ಅವರ ಪೇಪರ್‌ಗಳನ್ನು ಸುಮಾರು ಜನ ಪೀಠಿಕೆಯಲ್ಲಿ ಹತ್ತರ ಜೊತೆ ಹನ್ನೊಂದು ಅಂತ ಸೇರಿಸಿಬಿಟ್ಟಿದ್ದರು. ಆದರೆ ಒಂದು ಪೇಪರಿನ ಕೆಳಗೆ ಅವಳು ಕೆಂಪು ಗೆರೆ ಹಾಕಿದ್ದಳು. ಅದರಲ್ಲಿ ಬೇರೆ ತಂಡದವರು, ಸಾರ್ ಹೇಳಿದ ಹಾಗೆ ಮಾಡಿದರೆ ಕಣಗಳು ಒಂದೇ ಗಾತ್ರಕ್ಕೆ ಬರಲ್ಲ ಅಂತ ತೋರಿಸಿದ್ದರು. ಲೆಕ್ಕದಲ್ಲಿ ಅದೂ ಒಂದು ಸೈಟೇಶನ್. ಅವಳು ಅಲ್ಲಿಗೇ ಬಿಟ್ಟಿರಲಿಲ್ಲ. ಸಾರ್ ಅವರ ಮುಂದಿನ ಪೇಪರ್ ಹುಡುಕಿದ್ದಳು. ಅದರಲ್ಲಿ ಅವರು ತಮ್ಮ ತಪ್ಪನ್ನು ಒಪ್ಪಿಕೊಂಡು, ತೋರಿಸಿಕೊಟ್ಟವರ ಹೆಸರು ಹೇಳಿ, ವಿಧಾನ ತಿದ್ದಿದ್ದರು.

"ಇವರ ಹತ್ರಾನೇ ಸೇರ್ತೀನಿ ಸಾರ್" ಅಂದಳು. ಆಮೇಲೆ ಬಲಗಡೆಯ ಪುಟ ತೋರಿಸಿ, ಮೇಡಂ ಅವರ ಮೂರು ಪೇಪರನ್ನೂ ಪ್ರಿಂಟ್ ಹಾಕಿಸಿಕೊಡಿ ಅಂತ ಕೇಳಿದಳು.