ಕೇಳದೆಯೇ ಒಂದೇ ಅಂದರೆ ಹೇಗೆ?

"ನನ್ನದನ್ನು ಕೇಳದೆಯೇ ಒಂದೇ ಕಥೆ ಅಂತ ಹೇಗೆ ಹೇಳ್ತೀ ಮಾರಾಯಾ?"

ಭಾನುವಾರದಿಂದ ಈ ಮಾತು ತಲೆಯಿಂದ ಹೋಗುತ್ತಿಲ್ಲ. ಪೆರ್ಲದಲ್ಲಿ ನಮ್ಮ ಆಚೆ ತೋಟದ ದೊಡ್ಡಮ್ಮ ಹೇಳಿದ್ದು. ಊರಿನ ಹಿರಿಯರು ಹೇಳುವ ಕಥೆಗಳನ್ನು ನಾವು ನಾಲ್ಕು ಜನ ಟೈಪ್ ಮಾಡಿ ಪೋಸ್ಟ್‌ಗ್ರೆಸ್ ಅನ್ನುವ ಡೇಟಾಬೇಸ್‌ನಲ್ಲಿ ಇಡುತ್ತಿದ್ದೇವೆ. ಒಂದೇ ಕಥೆ ಎರಡು ಸಲ ಸೇರಬಾರದು ಅಂತ ಹೆಸರಿನ ಮೇಲೆ ಯುನೀಕ್ ಅನ್ನುವ ನಿಯಮ ಹಾಕಿದ್ದೆ. ದೊಡ್ಡಮ್ಮನ ಕಾಗಕ್ಕ ಗುಬ್ಬಕ್ಕ ಸೇವ್ ಆಗಲಿಲ್ಲ. "ಇದು ಮೊದಲೇ ಇದೆ ದೊಡ್ಡಮ್ಮ" ಅಂದೆ. ಅವರು ಬಾಯಲ್ಲಿದ್ದ ವೀಳ್ಯ ಪಕ್ಕಕ್ಕೆ ಸರಿಸಿ ನನ್ನ ಮುಖ ನೋಡಿದರು. ಆಮೇಲೆ ಆ ಮಾತು.

ಅವರ ಕಥೆಯಲ್ಲಿ ಗುಬ್ಬಕ್ಕ ಕಾಗಕ್ಕನನ್ನು ಮಳೆಯಲ್ಲಿ ಕಾಯಿಸುವುದೇ ಇಲ್ಲ. ಮೊದಲ ಸಲ ತಟ್ಟಿದಾಗಲೇ ಬಾಗಿಲು ತೆಗೆಯುತ್ತಾಳೆ. ಬೇರೆಯದೇ ಕಥೆ ಅಲ್ವಾ!

ರಾತ್ರಿ ಹೆಸರಿನ ಯುನೀಕ್ ಕಿತ್ತು ಇಡೀ ಕಥೆಯ ಮೇಲೆ ಹಾಕಿದೆ. ಉದ್ದದ ಕಥೆಯೊಂದಕ್ಕೆ ಎರರ್ ಬಂತು. ಯುನೀಕ್ ಕಾಯುವುದು ಬಿ-ಟ್ರೀ ಇಂಡೆಕ್ಸ್, ಅಂದರೆ ಬೇಗ ಹುಡುಕಲು ಕ್ರಮವಾಗಿ ಜೋಡಿಸಿಟ್ಟ ಪಟ್ಟಿ. ಅದರಲ್ಲಿ ಒಂದು ಸಾಲಿಗೆ 2704 ಬೈಟ್ ಮಿತಿ, ಅದೂ ಒತ್ತಿ ಚಿಕ್ಕದು ಮಾಡಿದ ಮೇಲೆ. ನಮ್ಮ ಒಂದು ಅಕ್ಷರಕ್ಕೆ 3 ಬೈಟ್, ಒತ್ತು ಕೊಂಬು ಎಲ್ಲ ಸೇರಿದರೆ ಇನ್ನೂ ಜಾಸ್ತಿ. ಇಂಗ್ಲಿಷಿನವರಿಗಿಂತ ಮೊದಲೇ ನಾವು ಗೋಡೆಗೆ ಹಾಯುತ್ತೇವೆ.

ಹ್ಯಾಶ್ ಇಂಡೆಕ್ಸ್ ಅಂತ ಇನ್ನೊಂದು ಬಗೆ ಇದೆ, ಅದಕ್ಕೆ ಈ ಕಷ್ಟ ಇಲ್ಲ. ಕಥೆ ಎಷ್ಟೇ ಉದ್ದ ಇರಲಿ, ಅದು ಇಟ್ಟುಕೊಳ್ಳುವುದು ಆ ಕಥೆಯಿಂದ ಲೆಕ್ಕ ಹಾಕಿದ 4 ಬೈಟ್‌ನ ಒಂದು ಸಂಖ್ಯೆ ಮಾತ್ರ. 2017ರಲ್ಲಿ ಬಂದ ಪೋಸ್ಟ್‌ಗ್ರೆಸ್ 10ನೇ ಆವೃತ್ತಿಯಿಂದ ಕರೆಂಟ್ ಹೋಗಿ ಮಷೀನ್ ನಿಂತರೂ ಹಾಳಾಗುವುದಿಲ್ಲ, ನಮ್ಮೂರಿಗೆ ಅದು ಮುಖ್ಯ. ಆದರೆ ಯುನೀಕ್ ಅಂದರೆ ಅದು ಒಪ್ಪುವುದೇ ಇಲ್ಲ.

ಜೊತೆಗಿರುವ ಹುಡುಗ ಚುರುಕು, ಆದರೆ ಅವಸರ ಜಾಸ್ತಿ. "ಆ ಸಂಖ್ಯೆ ಒಂದೇ ಆದರೆ ಬೇಡ ಅನ್ನಿ ಅಣ್ಣ, ಮುಗೀತು" ಅಂದ. ಮುಗಿಯುವುದಿಲ್ಲ. 77,000ದಷ್ಟು ಬೇರೆ ಬೇರೆ ಬರಹ ಸೇರುವಷ್ಟರಲ್ಲಿ ಯಾವುದಾದರೂ ಎರಡಕ್ಕೆ ಒಂದೇ ಸಂಖ್ಯೆ ಬೀಳುವ ಸಾಧ್ಯತೆ ಅರ್ಧಕ್ಕರ್ಧ. ಸಂಖ್ಯೆ ಕೂಡಿದಾಗ ಟೇಬಲ್‌ಗೆ ಹೋಗಿ ಕಥೆಯನ್ನೇ ತೆರೆದು ನೋಡಬೇಕು. ದೊಡ್ಡಮ್ಮ ಕೇಳಿದ್ದೂ ಅದನ್ನೇ.

ಇನ್ನೊಂದು ತೊಡಕು, ಇಬ್ಬರು ಒಂದೇ ನೋಟ್‌ಬುಕ್ಕನ್ನು ಒಂದೇ ಗಳಿಗೆಯಲ್ಲಿ ಟೈಪ್ ಮಾಡಿ ಸೇವ್ ಒತ್ತಿದರೆ? ಮೊದಲು ಹುಡುಕಿ ಆಮೇಲೆ ಸೇರಿಸುವ ಕೋಡ್ ಇಬ್ಬರಿಗೂ "ಇಲ್ಲ" ಅನ್ನುತ್ತದೆ, ಎರಡೂ ಒಳಗೆ ಬರುತ್ತವೆ. ಬಿ-ಟ್ರೀ ಆ ಬರಹ ಕೂರಬೇಕಾದ ಪುಟಕ್ಕೇ ಬೀಗ ಹಾಕಿ ನೋಡುತ್ತದೆ. ಹ್ಯಾಶ್‌ನಲ್ಲಿ ಸಂಖ್ಯೆಗಳನ್ನು ಗುಂಪು ಮಾಡಿ ಇಡುವ ಬಕೆಟ್ ತುಂಬಿ ಹೆಚ್ಚುವರಿ ಪುಟಗಳಿಗೆ ಹರಿದಿರುತ್ತದೆ, ನಡುವೆ ಬಕೆಟ್ ಒಡೆದು ಎರಡಾಗುವುದೂ ಉಂಟು. ಬೀಗ ಎಲ್ಲಿ ಹಾಕುವುದು ಅನ್ನುವುದು ಸುಲಭದ ಮಾತಲ್ಲ. ಆದರೂ ಹ್ಯಾಶ್‌ಗೆ ಯುನೀಕ್ ಬರುವಂತೆ ಮಾಡಬೇಕು ಅಂತ ನನಗೆ ಬಲವಾಗಿ ಅನಿಸುತ್ತದೆ. ಉದ್ದ ಬರೆಯುವವರಿಗೂ ಆ ಕಾವಲು ಸಿಗಬೇಕು.

ಸದ್ಯಕ್ಕೆ ಎಕ್ಸ್‌ಕ್ಲೂಡ್ ಯೂಸಿಂಗ್ ಹ್ಯಾಶ್ ಅಂತ, ಹ್ಯಾಶ್ ಇಂಡೆಕ್ಸ್ ಬಳಸಿ ಒಂದೇ ಬರಹವನ್ನು ತಡೆಯುವ ನಿರ್ಬಂಧ ಹಾಕಿದೆ. ಅದು ಕಥೆಯನ್ನೇ ಹೋಲಿಸಿ ನೋಡುತ್ತದೆ. ಇದ್ದರೆ ತಿದ್ದು, ಇಲ್ಲದಿದ್ದರೆ ಸೇರಿಸು ಅನ್ನುವ ಸೌಕರ್ಯ ಅದರ ಮೇಲೆ ಸಿಗುವುದಿಲ್ಲ, ಬೇರೆ ಟೇಬಲ್‌ನಿಂದ ಇದಕ್ಕೆ ಕೊಂಡಿ ಹಾಕುವ ಫಾರಿನ್ ಕೀ ಕೂಡ ಕಟ್ಟಲಾಗುವುದಿಲ್ಲ.

ಬುಧವಾರ ಸಂಜೆ ದೊಡ್ಡಮ್ಮನ ಎದುರೇ ಕೂತು ಅವರ ಕಥೆ ಪೂರ್ತಿ ಕೇಳಿ ಸೇವ್ ಒತ್ತಿದೆ. ಹೋಯಿತು. ಅದನ್ನೇ ಇನ್ನೊಮ್ಮೆ ಒತ್ತಿದೆ, ಈ ಸಲ ಬೇಡ ಅಂದಿತು. "ಈಗ ಕೇಳಿ ಹೇಳಿತಾ?" ಅಂದರು. ಹೌದು ದೊಡ್ಡಮ್ಮ, ಅಂದೆ.